ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಮನೆ ವಿಡಿಯೊ ಟಿವಿಯಲ್ಲಿ ಯಾಕೆ ಕೆಡುತ್ತದೆ: ಎಕ್ಸ್‌ಪೋರ್ಟ್ ದೋಷ ಹುಡುಕುವ ಬಗೆ

ಅಪ್ಪನಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ ಇಟ್ಟುಕೊಂಡಾಗ, ಮನೆಯ ಹಳೆಯ ವಿಡಿಯೊಗಳನ್ನೆಲ್ಲ ಸೇರಿಸಿ ಒಂದೂವರೆ ಗಂಟೆಯ ಚಿತ್ರ ಮಾಡಿದ್ದೆ. 1994ರ ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಅಂಗಡಿಯವರು ಮಾಡಿಕೊಟ್ಟ ಡಿವಿಡಿ, 2003ರ ಅಕ್ಕನ ಮದುವೆಯ ಮಿನಿ ಡಿವಿ ಟೇಪು, ಉಳಿದದ್ದೆಲ್ಲ ಫೋನಿನದು. ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಯಾವ ತಪ್ಪೂ ಕಾಣಲಿಲ್ಲ. ಪೆನ್‌ಡ್ರೈವನ್ನು ಟಿವಿಗೆ ಹಾಕಿದ ಮೇಲೆ ಒಂದೊಂದಾಗಿ ಶುರುವಾಯಿತು. ಧಾರೆಯ ಹೊತ್ತಿನಲ್ಲಿ ಯಾರಾದರೂ ಕೈ ಆಡಿಸಿದರೆ ಕೈಯಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳುತ್ತಿತ್ತು. ಅಕ್ಷತೆ ಬಿದ್ದ ಕೂಡಲೇ ಮುಖಗಳು ಚೌಕ ಚೌಕವಾದವು. ಅಡಿಕೆ ತೋಟದ ಕ್ಲಿಪ್ಪು ತಡವರಿಸಿತು. ಹೊಸ ಫೋನಿನ ದೃಶ್ಯಗಳು ಸುಣ್ಣ ಬಳಿದಂತೆ ಬಿಳಚಿಕೊಂಡವು.

ಅಜ್ಜಿ ಈಗಿಲ್ಲ. ಅವರು ಓಡಾಡುವುದು, ಮಾತಾಡುವುದು ಉಳಿದಿರುವುದು ಅಕ್ಕನ ಮದುವೆಯ ಆ ಒಂದು ಟೇಪಿನಲ್ಲಿ ಮಾತ್ರ. ಅದನ್ನು ಅಷ್ಟು ಕೆಟ್ಟದಾಗಿ ತೋರಿಸಲು ಮನಸ್ಸಾಗಲಿಲ್ಲ. ಮುಂದಿನ ಹದಿನೈದು ದಿನ ಒಂದೊಂದೇ ದೋಷದ ಬೆನ್ನು ಹತ್ತಿ ಅದರ ಮೂಲ ಎಲ್ಲಿದೆ ಎಂದು ಹುಡುಕಿದೆ. ಇಲ್ಲಿರುವುದು ಆ ಕೆಲಸದಿಂದ ಕಲಿತದ್ದು.

ದೋಷ ಯಾವ ಜಾಗದ್ದು ಎಂದು ಮೊದಲು ತಿಳಿಯಿರಿ

ವಿಡಿಯೊ ನಾಲ್ಕು ಕಡೆ ಕೆಡಬಹುದು: ಮೂಲ ಕ್ಲಿಪ್ಪಿನಲ್ಲಿ, ಎಡಿಟಿಂಗ್ ಟೈಮ್‌ಲೈನಿನಲ್ಲಿ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಜಾಗ), ಎಕ್ಸ್‌ಪೋರ್ಟಿನಲ್ಲಿ (ಜೋಡಿಸಿದ್ದನ್ನು ಒಂದೇ ಫೈಲಾಗಿ ಹೊರತೆಗೆಯುವಾಗ), ಕೊನೆಗೆ ಟಿವಿಯಲ್ಲಿ. ಏನೇ ಕೆಟ್ಟರೂ ನಾವು ಮೊದಲು ಮಾಡುವುದು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಕೊಡುವ ಬಿಟ್ಟುಗಳ ಲೆಕ್ಕ, ಏರಿಸುವುದು. ನಾನೂ ಅದನ್ನೇ ಮಾಡಿದೆ. 10 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದದ್ದನ್ನು 40ಕ್ಕೆ ಒಯ್ದೆ. ಫೈಲು ನಾಲ್ಕು ಪಟ್ಟು ದಪ್ಪವಾಯಿತು, ಕೈಯಂಚಿನ ಹಲ್ಲುಗಳು ಇನ್ನೂ ಸ್ಪಷ್ಟವಾಗಿ ಕಂಡವು. ನನಗೆ ಕಂಡ ತೊಂದರೆಗಳಲ್ಲಿ ಬಿಟ್‌ರೇಟಿನಿಂದ ವಾಸಿಯಾಗುವಂಥದ್ದು ಒಂದೇ ಒಂದು.

ಜಾಗ ಗುರುತಿಸುವುದು ಹೀಗೆ. ಟಿವಿಯಲ್ಲಿ ಕೆಟ್ಟು ಕಂಡ ಕ್ಷಣದ ಸಮಯ ಬರೆದಿಟ್ಟುಕೊಳ್ಳಿ. ಎಕ್ಸ್‌ಪೋರ್ಟ್ ಆದ ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ತೆರೆದು ಅದೇ ಕ್ಷಣಕ್ಕೆ ಹೋಗಿ, ನಿಲ್ಲಿಸಿ, ಪೂರ್ತಿ ಪರದೆಯಲ್ಲಿ ನೋಡಿ. ಇಂಗ್ಲಿಷಿನ ಇ ಕೀಲಿ ಒತ್ತಿದರೆ ಅದು ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು ವಿಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ (ಬಾಚಣಿಗೆಯ ಹಲ್ಲು ತೆಗೆಯುವ ಆಯ್ಕೆ) ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ವಿಎಲ್‌ಸಿಯೇ ದೋಷವನ್ನು ಮರೆಮಾಚಬಹುದು. ಅಲ್ಲಿಯೂ ಕೆಟ್ಟಿದ್ದರೆ ಅದೇ ಕ್ಷಣವನ್ನು ಮೂಲ ಕ್ಲಿಪ್ಪಿನಲ್ಲಿ ನೋಡಿ. ಮೂಲ ಸರಿಯಾಗಿದ್ದು ಫೈಲು ಕೆಟ್ಟಿದ್ದರೆ ತಪ್ಪು ಟೈಮ್‌ಲೈನಿನದು ಅಥವಾ ಎಕ್ಸ್‌ಪೋರ್ಟಿನದು. ಫೈಲು ಸರಿಯಾಗಿದ್ದು ಟಿವಿಯಲ್ಲಿ ಮಾತ್ರ ಕೆಟ್ಟರೆ, ಅದೇ ಟಿವಿಯಲ್ಲಿ ಮೊದಲು ಚೆನ್ನಾಗಿ ಓಡಿದ ಬೇರೊಂದು ಫೈಲನ್ನು ಅದೇ ಪೆನ್‌ಡ್ರೈವಿನಲ್ಲಿ ಹಾಕಿ ಓಡಿಸಿ. ಅದೂ ಕೆಟ್ಟರೆ ತಪ್ಪು ಟಿವಿಯದು ಅಥವಾ ಪೆನ್‌ಡ್ರೈವಿನದು, ಅದು ಚೆನ್ನಾಗಿ ಓಡಿದರೆ ನಿಮ್ಮ ಫೈಲು ಆ ಟಿವಿಗೆ ಹೊಂದುತ್ತಿಲ್ಲ.

ಇದರ ಜೊತೆಗೆ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಬೇಕೇ ಬೇಕು. ಪ್ರತಿ ಬಗೆಯ ಮೂಲದಿಂದ ಒಂದೊಂದು ಕ್ಲಿಪ್ಪನ್ನು ಅದರಲ್ಲಿ ತೆರೆದು ಅಗಲ, ಎತ್ತರ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಅದು ಸ್ಥಿರವೋ ಬದಲಾಗುವಂಥದ್ದೋ, ಸ್ಕ್ಯಾನ್ ಬಗೆ (ಇಂಟರ್‌ಲೇಸೋ ಪ್ರೋಗ್ರೆಸಿವೋ, ಮುಂದೆ ಹೇಳಿದ್ದೇನೆ), ಬಿಟ್ ಡೆಪ್ತ್, ಬಣ್ಣದ ಮಾನದಂಡ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನ್ನ ಮಟ್ಟಿಗೆ ಅರ್ಧ ಉತ್ತರ ಆ ಹಾಳೆಯಲ್ಲೇ ಇತ್ತು.

ಇನ್ನೊಂದು ಮಾತು: ಪ್ರತಿ ಸಲ ಪೂರ್ತಿ ಚಿತ್ರ ಎಕ್ಸ್‌ಪೋರ್ಟ್ ಮಾಡುತ್ತ ಕೂರಬೇಡಿ. ಚಿತ್ರದ ಅತಿ ಕಷ್ಟದ ತುಣುಕುಗಳನ್ನಷ್ಟೇ ಸೇರಿಸಿ ಒಂದು ನಿಮಿಷದ ಪರೀಕ್ಷಾ ಕ್ಲಿಪ್ ಮಾಡಿ. ನನ್ನದರಲ್ಲಿ ಅಕ್ಷತೆ ಹಾಕುವುದು, ತೋಟದ ಉದ್ದಕ್ಕೆ ಕ್ಯಾಮೆರಾ ತಿರುಗುವುದು, ಕತ್ತಲಲ್ಲಿ ದೀಪ ಬೆಳಗುವುದು, ಅಜ್ಜಿ ಹತ್ತಿರದಿಂದ ಮಾತಾಡುವುದು, ಒಂದು ಕನ್ನಡ ಶೀರ್ಷಿಕೆ ಇದ್ದವು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ಏನು ಬದಲಾಯಿಸಿದಿರೋ ಅದನ್ನೇ ಫೈಲಿನ ಹೆಸರಾಗಿ ಇಡಿ.

ಬಾಚಣಿಗೆಯ ಹಲ್ಲು

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಟೇಪು ಇರುವ ಮನೆಗಳಲ್ಲಿ ಅತಿ ಹೆಚ್ಚು ಹಾನಿ ಆಗುವುದು ಈ ವಿಷಯದಲ್ಲಿ, ಮತ್ತು ಆ ಹಾನಿ ಒಮ್ಮೆ ಆದರೆ ತಿದ್ದುವುದು ಕಷ್ಟ.

ನಮ್ಮ ದೇಶದ ಹಳೆಯ ಕ್ಯಾಮೆರಾಗಳು ಪಾಲ್ ಪದ್ಧತಿಯವು. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡ್. ಒಂದು ಫೀಲ್ಡಿನಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು, ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರ. ಇದಕ್ಕೇ ಇಂಟರ್‌ಲೇಸ್ ಎನ್ನುವುದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಕೂಡ ಹಾಗೆಯೇ ಗೆರೆ ಬಿಟ್ಟು ಗೆರೆ ಎಳೆಯುತ್ತಿದ್ದುದರಿಂದ ಎರಡಕ್ಕೂ ಹೊಂದಿಕೆಯಾಗುತ್ತಿತ್ತು. ಈಗಿನ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುತ್ತದೆ. ಆ 50ನೇ ಒಂದು ಸೆಕೆಂಡಿನಲ್ಲಿ ಕೈ ಎಷ್ಟು ಸರಿದಿತ್ತೋ ಅಷ್ಟು ಉದ್ದದ ಹಲ್ಲು ಅಂಚಿನಲ್ಲಿ ಮೂಡುತ್ತದೆ. ನಿಂತ ವಸ್ತುಗಳು ಚೊಕ್ಕ, ಆಡುವ ವಸ್ತುಗಳು ಮಾತ್ರ ಸೀಳು: ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಕಿಲ್ಲ, ಅದು ಇಂಟರ್‌ಲೇಸೇ.

ಹಲ್ಲಿನ ದಪ್ಪ ನೋಡಿ. ಒಂದೊಂದು ಗೆರೆಯಷ್ಟೇ ತೆಳ್ಳಗೆ, ಕರಾರುವಾಕ್ಕಾಗಿ ಇದ್ದರೆ ಫೀಲ್ಡುಗಳು ಇನ್ನೂ ಬಿಡಿಬಿಡಿಯಾಗಿಯೇ ಇವೆ, ಬೇರ್ಪಡಿಸಬಹುದು. ಹಲ್ಲುಗಳು ದಪ್ಪವಾಗಿ, ಒಂದು ಕಡೆ ಗಾಢ ಇನ್ನೊಂದು ಕಡೆ ಮಸುಕಾಗಿ, ಒಂದಕ್ಕೊಂದು ಕಲೆಸಿಕೊಂಡಿದ್ದರೆ, ಬೇರ್ಪಡಿಸುವ ಮೊದಲೇ ಚಿತ್ರವನ್ನು ಹಿಗ್ಗಿಸಿದ್ದೀರಿ ಎಂದರ್ಥ. ನನ್ನ ತಪ್ಪು ಇದೇ ಆಗಿತ್ತು. 720×576ರ ಟೇಪಿನ ಕ್ಲಿಪ್ಪನ್ನು ನೇರವಾಗಿ 1920×1080ರ ಟೈಮ್‌ಲೈನಿಗೆ ಎಳೆದು, ಪ್ರೋಗ್ರೆಸಿವ್ (ಫ್ರೇಮಿನ ಎಲ್ಲ ಗೆರೆಗಳೂ ಒಂದೇ ಕ್ಷಣದವು) ಎಂದು ಎಕ್ಸ್‌ಪೋರ್ಟ್ ಮಾಡಿದ್ದೆ. 576 ಗೆರೆಗಳು 1080 ಆಗುವಾಗ ಎರಡೂ ಫೀಲ್ಡುಗಳು ಒಂದರೊಳಗೊಂದು ಬೆರೆತುಹೋದವು. ಜೊತೆಗೆ ಫೈಲಿನ ಮೇಲೆ ಪ್ರೋಗ್ರೆಸಿವ್ ಎಂಬ ಗುರುತು ಬಿದ್ದದ್ದರಿಂದ, ಇಂಟರ್‌ಲೇಸ್ ಬಿಡಿಸುವ ವ್ಯವಸ್ಥೆ ಟಿವಿಯಲ್ಲಿದ್ದರೂ ಅದು ಮುಟ್ಟಲಿಲ್ಲ. ಇಂಥ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ಮೂಲಕ್ಕೆ ಹಿಂತಿರುಗಿ. ಟೇಪಿನಿಂದ ಫೈರ್‌ವೈರ್ ತಂತಿಯ ಮೂಲಕ ಇಳಿಸಿದ ಡಿವಿ ಫೈಲು, ಗಂಟೆಗೆ ಸುಮಾರು 13 ಜಿಬಿ, ನನ್ನ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಇತ್ತು. ಜಾಗ ಸಾಲದೆಂದು ಅದನ್ನು ಎರಡು ಸಲ ಅಳಿಸಲು ಹೊರಟಿದ್ದೆ.

ಸರಿಯಾದ ಕ್ರಮ: ಮೊದಲು 576ರಲ್ಲೇ ಡಿಇಂಟರ್‌ಲೇಸ್, ಆಮೇಲೆ ಹಿಗ್ಗಿಸುವುದು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ ಫಿಲ್ಟರ್‌ಗಳ ಪುಟಕ್ಕೆ ಹೋಗಿ ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಎಂಬ ಡಿಇಂಟರ್‌ಲೇಸ್ ವಿಧಾನ ಆರಿಸಿ, ಅದರ ಬಗೆಯಾಗಿ ಬಾಬ್ ಆರಿಸಿ, ಫ್ರೇಮ್ ರೇಟನ್ನು 50, ಸ್ಥಿರ ಎಂದು ಇಡಿ. ಇಲ್ಲಿ 25 ಇಟ್ಟರೂ ಹಲ್ಲು ಹೋಗುತ್ತದೆ, ಆದರೆ ಚಲನೆಯ ಅರ್ಧವೂ ಅದರ ಜೊತೆ ಹೋಗುತ್ತದೆ. ಟೇಪಿನಲ್ಲಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳಿವೆ. ಬಾಬ್ ಅವೆಲ್ಲವನ್ನೂ ಒಂದೊಂದು ಫ್ರೇಮಾಗಿ ಉಳಿಸಿಕೊಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. 25ರಲ್ಲಿ ಅಜ್ಜಿ ಜಗಲಿಯಿಂದ ಇಳಿದು ಬರುವುದು ಸಿನಿಮಾದಂತೆ ತುಸು ಮುರಿದು ಕಾಣುತ್ತಿತ್ತು. 50ರಲ್ಲಿ ಅದು ನನಗೆ ನೆನಪಿದ್ದ ನಡಿಗೆಯೇ. ಎಕ್ಸ್‌ಪೋರ್ಟ್ ಪುಟದ ಅಷ್ಟೂ ಆಯ್ಕೆಗಳಲ್ಲಿ ಟೇಪಿನ ವಿಡಿಯೊಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಲ್ಲಿಲ್ಲ, ಆದರೆ ಆಡುವ ವಸ್ತುಗಳೆಲ್ಲ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತಿವೆಯೇ? ಫೀಲ್ಡುಗಳ ಸರದಿ ತಿರುಗಿದೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಎವಿಸಿಎಚ್‌ಡಿ ಕ್ಯಾಮ್‌ಕಾರ್ಡರಿನಲ್ಲಿ ಮೇಲಿನದು ಮೊದಲು. ಡಿವಿಡಿಯದನ್ನು ಮೀಡಿಯಾಇನ್ಫೋದಲ್ಲೇ ನೋಡಿಕೊಳ್ಳಿ. ಮತ್ತೆ, ಫೋನಿನ ಕ್ಲಿಪ್ಪುಗಳಿಗೆ ಡಿಇಂಟರ್‌ಲೇಸ್ ಹಾಕಬೇಡಿ. ಅವು ಹುಟ್ಟಿನಿಂದಲೇ ಪ್ರೋಗ್ರೆಸಿವ್. ಬಿಡಿಸಲು ಏನೂ ಇಲ್ಲದೆ ಇರುವ ಸೂಕ್ಷ್ಮತೆಯೇ ಕಡಿಮೆಯಾಗುತ್ತದೆ.

ಟೇಪಿನ ಜನ ಟಿವಿಯಲ್ಲಿ ದಪ್ಪಗಾಗಿ ಕಂಡರೆ ಅದೂ ಇದೇ ಹಂತದ ತಪ್ಪು. 720×576ರ ಪಿಕ್ಸೆಲ್‌ಗಳು ಚೌಕವಲ್ಲ. 4:3ರ ಟೇಪು ಚೌಕ ಪಿಕ್ಸೆಲ್‌ಗಳಲ್ಲಿ 768×576 ಆಗುತ್ತದೆ, 1080ಕ್ಕೆ ಹಿಗ್ಗಿಸಿದಾಗ 1440×1080. ಅಕ್ಕಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪರದೆ ತುಂಬಲೆಂದು ಎಳೆದರೆ ಮುಖಗಳು ಅಗಲವಾಗುತ್ತವೆ, ಕತ್ತರಿಸಿದರೆ ಹಿಂದಿನ ಸಾಲಿನಲ್ಲಿ ನಿಂತ ಬಂಧುಗಳ ತಲೆ ಹೋಗುತ್ತದೆ.

ತಡವರಿಕೆ

ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗುವಾಗ ಅಡಿಕೆ ಮರಗಳು ಹಾರಿ ಹಾರಿ ಬರುತ್ತಿದ್ದರೆ, ಎಷ್ಟು ಹೊತ್ತಿಗೊಮ್ಮೆ ಹಾರುತ್ತವೆ ಎಂದು ಗಮನಿಸಿ. ಲಯಬದ್ಧವಾಗಿ ಸೆಕೆಂಡಿಗೆ ನಾಲ್ಕೈದು ಸಲ ಕುಲುಕಿದರೆ ಫ್ರೇಮ್ ರೇಟಿನ ಗಲಾಟೆ. ಫೋನು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ಚಿತ್ರೀಕರಿಸುತ್ತದೆ. ಅದನ್ನು 25ರ ಟೈಮ್‌ಲೈನಿಗೆ ಹಾಕಿದರೆ ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತದೆ. ಕುಲುಕು ಅಲ್ಲಿಂದ ಬರುತ್ತದೆ.

ಯಾವ ದರ ಆರಿಸಬೇಕು ಎನ್ನುವುದಕ್ಕೆ ನನ್ನ ಉತ್ತರ ಸರಳ: ಚಿತ್ರದಲ್ಲಿ ಯಾವ ಮೂಲ ಹೆಚ್ಚೋ ಅದರ ದರ. ಎಲ್ಲವೂ ಫೋನಿನದಾದರೆ 30 ಅಥವಾ 60. ಟೇಪಿನದೇ ಹೆಚ್ಚಾದರೆ 50. 30ರ ಕ್ಲಿಪ್ಪನ್ನು 50ರಲ್ಲಿ ಇಟ್ಟಾಗ ಫ್ರೇಮುಗಳು ಬೀಳುವುದಿಲ್ಲ. ಕೆಲವು ಒಂದು ಸಲ, ಕೆಲವು ಎರಡು ಸಲ ಬರುತ್ತವೆ. ಪೂರ್ತಿ ನಯವಲ್ಲ, ಆದರೆ 25ರ ಕುಲುಕಿಗಿಂತ ಎಷ್ಟೋ ಮೇಲು. ಟೈಮ್‌ಲೈನಿಗೂ ಎಕ್ಸ್‌ಪೋರ್ಟಿಗೂ ಒಂದೇ ದರ ಇರಬೇಕು.

1080ರಲ್ಲಿ 50 ಫ್ರೇಮ್ ಕೊಡಲು, ವಿಡಿಯೊ ಹಿಂಡುವ ಎಚ್.264 ಪದ್ಧತಿಯ ಲೆವೆಲ್ (ಫೈಲು ಓಡಿಸಲು ಬೇಕಾದ ಸಾಮರ್ಥ್ಯದ ಅಳತೆ) 4.2 ಬೇಕು. ಕೆಲವು ಹಳೆಯ ಟಿವಿಗಳು 4.1ರ ಆಚೆಗೆ ಹೋಗುವುದಿಲ್ಲ. ಫೈಲು ತೆರೆಯುವುದೇ ಇಲ್ಲ, ಅಥವಾ ಕಷ್ಟಪಟ್ಟು ಓಡುತ್ತದೆ. ಹಾಗಾದರೆ 25ಕ್ಕೆ ಇಳಿಯುವ ಬದಲು 1280×720ರಲ್ಲಿ 50 ಇಟ್ಟು ನೋಡಿ. 576 ಗೆರೆಗಳ ಟೇಪಿಗೆ 720 ಧಾರಾಳ, ಚಲನೆಯೂ ಉಳಿಯುತ್ತದೆ.

ಪೆನ್‌ಡ್ರೈವಿನಲ್ಲಿ ನಯವಾಗಿ ಓಡುವ ಫೈಲು, ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ತಂತಿ ಹಾಕಿದಾಗ ಕುಲುಕಿದರೆ ಫೈಲನ್ನು ದೂರಬೇಡಿ. ಲ್ಯಾಪ್‌ಟಾಪು 60 ಹರ್ಟ್ಜ್‌ನಲ್ಲಿ ಕಳಿಸುತ್ತಿರುತ್ತದೆ, 25 ಫ್ರೇಮುಗಳನ್ನು 60ಕ್ಕೆ ಸಮನಾಗಿ ಹಂಚಲಾಗದೆ ಕೆಲವನ್ನು ಎರಡು ಸಲ, ಕೆಲವನ್ನು ಮೂರು ಸಲ ತೋರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಟಿವಿಗೆ 50 ಹರ್ಟ್ಜ್ ಕೊಡಿ. ಎಲ್ಲ ವಿಡಿಯೊಗಳೂ ಧಾರಾವಾಹಿಯ ಹಾಗೆ ಅತಿ ನಯವಾಗಿ ಜಾರುತ್ತಿದ್ದರೆ ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಮೋಷನ್ ಎಂಬ ಪದವಿರುವ ಆಯ್ಕೆ ಹುಡುಕಿ ಆಫ್ ಮಾಡಿ.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಕ್ಲಿಪ್ಪಿನಲ್ಲಿ ಬೆಳಕು ಅಲೆ ಅಲೆಯಾಗಿ ಮಿಡಿಯುವುದು ಬೇರೆಯೇ ವಿಷಯ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ಅದಕ್ಕೆ ಹೊಂದದಿದ್ದರೆ ಮಿಡಿತ ಚಿತ್ರದೊಳಗೇ ಅಚ್ಚಾಗುತ್ತದೆ. ಎಕ್ಸ್‌ಪೋರ್ಟಿನಲ್ಲಿ ಇದಕ್ಕೆ ಮದ್ದಿಲ್ಲ. ಮುಂದಿನ ಸಲ ಕಲ್ಯಾಣ ಮಂಟಪದಲ್ಲಿ 25 ಫ್ರೇಮ್, ಶಟರ್ 1/50 ಇಟ್ಟು ತೆಗೆಯಿರಿ.

ಅಕ್ಷತೆ ಬಿದ್ದಾಗ ಚೌಕ ಚೌಕ

ಬಿಟ್‌ರೇಟ್ ಏರಿಸಿ ವಾಸಿ ಮಾಡಬಹುದಾದ ತೊಂದರೆ ಇದು. ಎನ್‌ಕೋಡರ್ (ಎಕ್ಸ್‌ಪೋರ್ಟಿನಲ್ಲಿ ವಿಡಿಯೊ ಹಿಂಡುವ ಭಾಗ) ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ, ಹಿಂದಿನದಕ್ಕಿಂತ ಏನು ಬದಲಾಯಿತೋ ಅದನ್ನು ಬರೆಯುತ್ತದೆ. ಪುರೋಹಿತರು ಮಂತ್ರ ಹೇಳುತ್ತ ಕೂತಾಗ ಬದಲಾಗುವುದು ಬಹಳ ಕಡಿಮೆ. ಅಕ್ಷತೆ ಎರಚಿದ ಕ್ಷಣ ನೂರಾರು ಕಾಳುಗಳು ಒಂದೊಂದು ದಿಕ್ಕಿಗೆ. ಕೊಟ್ಟ ಬಿಟ್ಟುಗಳು ಸಾಲದೆ ಮುಖಗಳ ವಿವರವನ್ನೇ ಅದು ಬಿಟ್ಟುಕೊಡುತ್ತದೆ. ಮಳೆ, ತೆಂಗಿನ ಗರಿ, ಪಟಾಕಿ, ಹರಿಯುವ ನೀರು ಎಲ್ಲಕ್ಕೂ ಇದೇ ಗತಿ.

ಹಾಗಾಗಿ ಉದ್ದಕ್ಕೂ ಒಂದೇ ಬಿಟ್‌ರೇಟ್ ಕಟ್ಟಿಹಾಕಬೇಡಿ. ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಗುಣಮಟ್ಟದ ಆಯ್ಕೆಯಿದೆ, ಆರ್‌ಎಫ್ ಎಂಬ ಸಂಖ್ಯೆ. ಕಡಿಮೆ ಇದ್ದಷ್ಟೂ ಗುಣಮಟ್ಟ ಹೆಚ್ಚು. ನಾನು 19 ಇಟ್ಟೆ. ಮಂತ್ರದ ಹೊತ್ತಿನಲ್ಲಿ ಉಳಿಸಿ ಅಕ್ಷತೆಯ ಹೊತ್ತಿನಲ್ಲಿ ಖರ್ಚು ಮಾಡುವುದನ್ನು ಎನ್‌ಕೋಡರೇ ನೋಡಿಕೊಳ್ಳುತ್ತದೆ. ನಿಮ್ಮ ತಂತ್ರಾಂಶದಲ್ಲಿ ಬಿಟ್‌ರೇಟ್ ಮಾತ್ರ ಕೊಡಲು ಬರುವುದಾದರೆ ವೇರಿಯಬಲ್, ಟೂ ಪಾಸ್ (ಚಿತ್ರವನ್ನು ಎರಡು ಸಲ ಓದಿ ಬಿಟ್ಟು ಹಂಚುವ ಬಗೆ) ಆರಿಸಿ. 1080ರಲ್ಲಿ 25 ಅಥವಾ 30 ಫ್ರೇಮಿಗೆ 12 ಎಂಬಿಪಿಎಸ್, 50 ಅಥವಾ 60ಕ್ಕೆ 18ರ ಆಸುಪಾಸು ಇಟ್ಟು ಪರೀಕ್ಷಾ ಕ್ಲಿಪ್ ನೋಡಿ.

ಆದರೆ ಮೂಲದಲ್ಲೇ ಚೌಕಗಳಿದ್ದರೆ ಯಾವ ಬಿಟ್‌ರೇಟೂ ಅವನ್ನು ಅಳಿಸದು. ವಾಟ್ಸ್‌ಆ್ಯಪಿನಲ್ಲಿ ಬಂದ ಕ್ಲಿಪ್ಪು ದಾರಿಯಲ್ಲೇ ಹಿಂಡಿಹೋಗಿರುತ್ತದೆ. ತೆಗೆದವರಿಗೆ ಫೋನ್ ಮಾಡಿ ಮೂಲವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ನನ್ನ ಭಾವ ಹಾಗೆ ಕಳಿಸಿದ ಮೂರು ಕ್ಲಿಪ್ಪುಗಳಿಂದಲೇ ನಾಮಕರಣದ ಭಾಗ ನೋಡುವಂತಾಯಿತು.

ಬಿಳಚಿದ ಬಣ್ಣ

ಈಚಿನ ಫೋನುಗಳು, ನಮಗೆ ಹೇಳದೆಯೇ ಎಷ್ಟೋ ಸಲ, ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕು ಬಣ್ಣಗಳ ಹೆಚ್ಚಿನ ವ್ಯಾಪ್ತಿಯಲ್ಲಿ, ಚಿತ್ರೀಕರಿಸುತ್ತವೆ. ಮೀಡಿಯಾಇನ್ಫೋದಲ್ಲಿ 10 ಬಿಟ್, ಬಿಟಿ.2020, ಎಚ್‌ಎಲ್‌ಜಿ ಅಥವಾ ಪಿಕ್ಯು ಎಂದು ಕಂಡರೆ ಅದೇ. ಅಂಥ ಕ್ಲಿಪ್ಪನ್ನು ಸಾಧಾರಣ ಟೈಮ್‌ಲೈನಿಗೆ ಹಾಗೆಯೇ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ, ಒಂದು ಅಳತೆಗೋಲಿನಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಿದಂತಾಗಿ ಬಣ್ಣ ಸೋರಿಹೋಗುತ್ತದೆ. ಅಪ್ಪನ ಬಿಳಿ ಪಂಚೆಯ ಮಡಿಕೆಗಳೆಲ್ಲ ಮಾಯವಾಗಿದ್ದವು. ಎಡಿಟಿಂಗ್ ತಂತ್ರಾಂಶದಲ್ಲಿ ಕ್ಲಿಪ್ಪನ್ನು ಸಾಧಾರಣ ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡವಾದ ಬಿಟಿ.709ಕ್ಕೆ ಟೋನ್ ಮ್ಯಾಪ್ ಮಾಡಿ (ಆ ವ್ಯಾಪ್ತಿಗೆ ಇಳಿಸಿ), 8 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಟೇಪು, ಡಿವಿಡಿ, ಫೋನು ಬೆರೆತ ಮನೆ ಚಿತ್ರಕ್ಕೆ ಎಚ್‌ಡಿಆರ್ ಬೇಡ. ಒಂದು ಕ್ಲಿಪ್ಪು ಕಣ್ಣು ಕುಕ್ಕುವಂತೆ, ಮುಂದಿನದು ಮಂಕಾಗಿ ಬಂದು ನೋಡುವವರ ಮನಸ್ಸು ಚದುರುತ್ತದೆ.

ಚಿತ್ರದುದ್ದಕ್ಕೂ ಕಪ್ಪು ಬಣ್ಣ ಬೂದು ಬಣ್ಣವಾಗಿದ್ದರೆ, ಅಥವಾ ಕಪ್ಪು ಕೂದಲಿನ ಎಳೆಗಳೆಲ್ಲ ಒಂದೇ ಮುದ್ದೆಯಾಗಿದ್ದರೆ ಅದು ವ್ಯಾಪ್ತಿಯ ಹೊಂದಾಣಿಕೆಯ ದೋಷ. ಟಿವಿ ವಿಡಿಯೊದಲ್ಲಿ ಕಪ್ಪು 16, ಬಿಳಿ 235. ಕಂಪ್ಯೂಟರಿಗೆ 0 ಮತ್ತು 255. ಎಕ್ಸ್‌ಪೋರ್ಟಿನಲ್ಲಿ ಲಿಮಿಟೆಡ್ ಅಥವಾ ವಿಡಿಯೊ ವ್ಯಾಪ್ತಿ ಆರಿಸಿ. ಎಚ್‌ಡಿಎಂಐ ಹಾಕಿದಾಗ ಮಾತ್ರ ಹೀಗಾದರೆ ಟಿವಿಯ ಬ್ಲ್ಯಾಕ್ ಲೆವೆಲ್ ಬದಲಿಸಿ.

ತೆರೆಯುವುದೇ ಇಲ್ಲ, ದನಿಯಿಲ್ಲ, ಕಾಪಿಯಾಗುವುದಿಲ್ಲ

ಇವು ಬೇಗ ಮುಗಿಯುವಂಥವು. ಫೈಲು ತೆರೆಯದಿದ್ದರೆ ಎಂಪಿ4, ಎಚ್.264, 8 ಬಿಟ್, 4:2:0 (ಬಣ್ಣ ಉಳಿಸುವ ಸಾಮಾನ್ಯ ಬಗೆ) ಇಷ್ಟಕ್ಕೆ ಬನ್ನಿ. ಎಚ್.265 ಫೈಲನ್ನು ಸಣ್ಣದು ಮಾಡುತ್ತದೆ ನಿಜ, ಆದರೆ ಊರಿನ ಮನೆಯ ಹತ್ತು ವರ್ಷದ ಟಿವಿಯಲ್ಲೂ ಓಡಬೇಕಾದ ಚಿತ್ರಕ್ಕೆ ಹಳೆಯದೇ ವಾಸಿ. ಚಿತ್ರ ಬಂದು ದನಿ ಬರದಿದ್ದರೆ ಆಡಿಯೊ ಡಿಟಿಎಸ್ ಅಥವಾ ಪಿಸಿಎಂ ಆಗಿದೆಯೇ ನೋಡಿ; ಎಎಸಿ, ಸ್ಟೀರಿಯೊ, 48 ಕಿಲೋಹರ್ಟ್ಜ್ ಮಾಡಿ. ಪೆನ್‌ಡ್ರೈವಿಗೆ ಕಾಪಿಯೇ ಆಗುವುದಿಲ್ಲ, ಅಥವಾ ಫೈಲು ದೊಡ್ಡದು ಎನ್ನುತ್ತದೆ ಎಂದರೆ ಡ್ರೈವು ಎಫ್‌ಎಟಿ32 ಎಂಬ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. 8 ಎಂಬಿಪಿಎಸ್ ವಿಡಿಯೊ ಹೆಚ್ಚೂಕಡಿಮೆ 70 ನಿಮಿಷಕ್ಕೆ ಆ ಗಡಿ ಮುಟ್ಟುತ್ತದೆ. ಎಕ್ಸ್‌ಎಫ್‌ಎಟಿ ಮಾಡಿದರೆ ಕೆಲವು ಹಳೆಯ ಟಿವಿ ಡ್ರೈವನ್ನೇ ಗುರುತಿಸುವುದಿಲ್ಲ, ಎನ್‌ಟಿಎಫ್‌ಎಸ್ ಪ್ರಯತ್ನಿಸಿ. ನಾನು ಚಿತ್ರವನ್ನು ಮೂರು ಭಾಗ ಮಾಡಿಬಿಟ್ಟೆ, ನಡುನಡುವೆ ಕಾಫಿಗೂ ಬಿಡುವಾಯಿತು. ಫೋನಿನ ಕ್ಲಿಪ್ಪು ಟಿವಿಯಲ್ಲಿ ಅಡ್ಡ ಮಲಗಿದರೆ, ಟಿವಿ ತಿರುಗಿಸುವ ಗುರುತನ್ನು ಓದುತ್ತಿಲ್ಲ. ಒಮ್ಮೆ ಎಡಿಟರಿನಲ್ಲಿ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಸರಿಹೋಗುತ್ತದೆ.

ತುಟಿಗೂ ಮಾತಿಗೂ ಹೊಂದದಿದ್ದರೆ ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಹೋಲಿಸಿ. ಅಂತರ ಎರಡು ಕಡೆಯೂ ಅಷ್ಟೇ ಇದ್ದರೆ ಟಿವಿ ಅಥವಾ ಸೌಂಡ್‌ಬಾರಿನ ವಿಳಂಬ, ಅಲ್ಲಿನ ಆಡಿಯೊ ಡಿಲೇ ಆಯ್ಕೆಯಲ್ಲಿ ತಿದ್ದಿ. ಹೋಗ್ತಾ ಹೋಗ್ತಾ ಹೆಚ್ಚಾದರೆ ಫೋನಿನ ಕ್ಲಿಪ್ಪಿನ ಬದಲಾಗುವ ಫ್ರೇಮ್ ರೇಟೇ ಕಾರಣ ಎಂದು ಮೊದಲು ಅನುಮಾನಿಸಿ. ಎಡಿಟಿಂಗಿಗೆ ಮುಂಚೆಯೇ ಆ ಕ್ಲಿಪ್ಪುಗಳನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ದರಕ್ಕೆ ಬದಲಿಸಿಕೊಳ್ಳಿ.

ಒಡೆದ ಒತ್ತಕ್ಷರ, ಕತ್ತರಿಸಿದ ಶೀರ್ಷಿಕೆ

ಅಜ್ಜಿಯ ಮಾತು ಅಲ್ಲಲ್ಲಿ ವಾಲಗದ ಸದ್ದಿನಲ್ಲಿ ಮುಳುಗಿದ್ದರಿಂದ ಕನ್ನಡ ಸಬ್‌ಟೈಟಲ್ ಹಾಕಿದ್ದೆ, ಪ್ರತ್ಯೇಕ ಎಸ್‌ಆರ್‌ಟಿ ಫೈಲಾಗಿ. ನಮ್ಮ ಟಿವಿಯಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬಂದವು. ಚಿಕ್ಕಪ್ಪನ ಮನೆಯ ಟಿವಿಯಲ್ಲಿ ಅಕ್ಷರ ಬಂದರೂ ಒತ್ತುಗಳು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತವು. ಟಿವಿಯೊಳಗಿನ ಅಕ್ಷರ ಜೋಡಣೆ ನಮ್ಮ ಕೈಯಲ್ಲಿಲ್ಲ. ಸಬ್‌ಟೈಟಲನ್ನು ಚಿತ್ರದೊಳಗೇ ಅಚ್ಚು ಹಾಕಿ ಎಕ್ಸ್‌ಪೋರ್ಟ್ ಮಾಡಿ. ಎಡಿಟಿಂಗ್ ತಂತ್ರಾಂಶದಲ್ಲೇ ಒತ್ತಕ್ಷರ ಒಡೆಯುತ್ತಿದ್ದರೆ, ಶೀರ್ಷಿಕೆಯನ್ನು ಬೇರೆ ಕಡೆ ಸರಿಯಾಗಿ ಟೈಪಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ಮೇಲೆ ಕೂರಿಸಿ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಚಿಕ್ಕದಾಗಿರಲಿ.

ಕೆಳಗಿನ ಸಾಲಿನ ಒತ್ತುಗಳು ಪರದೆಯಂಚಿನಲ್ಲಿ ಕತ್ತರಿಸಿಹೋದರೆ ಟಿವಿ ಓವರ್‌ಸ್ಕ್ಯಾನ್ ಮಾಡುತ್ತಿದೆ, ಅಂದರೆ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಕತ್ತರಿಸುತ್ತಿದೆ. ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬಂಥ ಹೆಸರಿನ ಆಯ್ಕೆ ಇರುತ್ತದೆ. ಆದರೆ ನಿಮ್ಮ ಚಿತ್ರ ಯಾರ್ಯಾರ ಮನೆಗೋ ಹೋಗುತ್ತದೆ, ಎಲ್ಲರ ಟಿವಿ ಸೆಟ್ಟಿಂಗ್ ತಿದ್ದಲಾಗದು. ಅಕ್ಷರಗಳನ್ನು ನಾಲ್ಕೂ ಅಂಚಿನಿಂದ ಹತ್ತರಲ್ಲೊಂದು ಭಾಗ ಒಳಗೆ ಇಡಿ.

ಕೊನೆಗೆ ನಾನು ಕೊಟ್ಟದ್ದು ಎಂಪಿ4, ಎಚ್.264, 1280×720, 50 ಫ್ರೇಮ್, ಆರ್‌ಎಫ್ 19, ಎಎಸಿ ಸ್ಟೀರಿಯೊ. ಊರಿನ ಟಿವಿ 1080ರಲ್ಲಿ 50 ಓಡಿಸಲಿಲ್ಲ, ಅದಕ್ಕೇ 720. ಇನ್ನು ಐದು ವರ್ಷಕ್ಕೆ ಆ ಟಿವಿಯೂ ಬದಲಾಗುತ್ತದೆ, ಆಗ ಇದೇ ಚಿತ್ರವನ್ನು ಬೇರೆ ರೀತಿ ಎಕ್ಸ್‌ಪೋರ್ಟ್ ಮಾಡಬೇಕಾಗಬಹುದು. ಅದಕ್ಕಾಗಿ 13 ಜಿಬಿಯ ಆ ಡಿವಿ ಫೈಲು ಈಗ ಎರಡು ಹಾರ್ಡ್ ಡಿಸ್ಕಿನಲ್ಲಿದೆ. ಒಂದು ನನ್ನ ಹತ್ತಿರ, ಇನ್ನೊಂದು ಅಕ್ಕನ ಮನೆಯ ಬೀರುವಿನಲ್ಲಿ.